ಹಳೆ ಜೀಪ್ ರೆಡಿ ಮಾಡುವವರೇ, ಪೇಂಟ್ ಕೊನೆಗಿರಲಿ

ಎಂಎಂ 540 ತರಹದ ಹಳೆ ಮಹೀಂದ್ರಾ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ) ಜೀಪನ್ನು ಮನೆಯಲ್ಲೇ ರೆಡಿ ಮಾಡುವ ಯೋಚನೆ ಇದ್ದರೆ ದುಡ್ಡನ್ನು ಮೊದಲು ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು), ಬ್ರೇಕ್, ಸ್ಟೀರಿಂಗ್‌ಗೆ ಹಾಕಿ. ಪೇಂಟು, ದೊಡ್ಡ ಟೈರು ಅಂತ ಶುರು ಮಾಡಿದವರ ಗಾಡಿ ಅರ್ಧಕ್ಕೇ ಶೆಡ್ಡಿನಲ್ಲಿ ನಿಲ್ಲುವುದು ಜಾಸ್ತಿ.

ಮಲೆನಾಡಿನಲ್ಲಿ ಓಡಿದ ಗಾಡಿಯಾದರೆ ಚಾಸಿ ಒಳಗೆ ಕೆಸರು ಕೂತು ತುಕ್ಕು ಹಿಡಿದಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಟಣ್ ಅನ್ನದೆ ಸದ್ದು ಮಂದವಾಗಿ ಬಂದ ಕಡೆ ಅನುಮಾನ ಪಡಿ, ಕೆರೆದು ನೋಡಿ, ಕಬ್ಬಿಣ ಪುಡಿಯಾಗಿ ಉದುರಿದರೆ ಕತ್ತರಿಸಿ ವೆಲ್ಡ್ ಮಾಡಿಸಲೇಬೇಕು. ಪುಟ್ಟಿ ಮೆತ್ತುವುದು ಸುಮ್ನೆ ಕಣ್ಣಿಗೆ ಮಣ್ಣು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರ್ ಬಿಚ್ಚಿಡಿ.

ಬಿಗಿದ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ, ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಬೇಕೇ ಬೇಕು.

ಓಡುವಾಗ ಸ್ಟೀರಿಂಗ್ ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನದು), ಟೈ ರಾಡ್ ಎಂಡ್ (ಎರಡು ಮುಂದಿನ ಚಕ್ರ ಜೋಡಿಸುವ ಸರಳಿನ ತುದಿಯ ಕೀಲು) ನೋಡಿ. ಬ್ರೇಕ್ ಡ್ರಮ್ ಒಳಗೆ ಎಣ್ಣೆ ಕಂಡರೆ ಆಯಿಲ್ ಸೀಲ್ ಮೊದಲು ಬದಲಿಸಿ, ಇಲ್ಲದಿದ್ದರೆ ಹೊಸ ಬ್ರೇಕ್ ಲೈನರ್ (ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿ) ಕೂಡ ಹಾಳು.

ಫೋರ್ ವೀಲ್ ಹಾಕಿ ಪರೀಕ್ಷೆ ಮಾಡುವುದು ಮಣ್ಣಿನ ಮೇಲೆ, ಒಣ ಡಾಂಬರಿನ ಮೇಲೆ ಅಲ್ಲ. ತಿರುಗುವಾಗ ಮುಂದಿನ, ಹಿಂದಿನ ಚಕ್ರಗಳ ವೇಗ ಬೇರೆ ಇರುತ್ತದೆ, ಟೈರ್ ಜಾರದಿದ್ದರೆ ಒತ್ತಡವೆಲ್ಲ ಗೇರುಗಳ ಮೇಲೆ.

ಮತ್ತೆ, ಇನ್ನೂ ಗಾಡಿ ಕೊಂಡಿಲ್ಲದವರು ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ನಂಬರ್ ತಾಳೆ ನೋಡಿಯೇ ಅಡ್ವಾನ್ಸ್ ಕೊಡಿ.