ಮಾರಾ ಮಳೆಯಲ್ಲಿ ಮಧ್ಯಾಹ್ನದ ಸಫಾರಿ

ಏಪ್ರಿಲ್‌ನ ಮಳೆಗಾಲದಲ್ಲಿ ಕೆನ್ಯಾದ ಮಸಾಯಿ ಮಾರಾಕ್ಕೆ ಗುಂಪು ಕರೆದುಕೊಂಡು ಹೋಗುತ್ತೇನೆ ಅಂದಾಗ ನಮ್ಮ ಸಫಾರಿ ಕಸುಬಿನವರೇ ನಕ್ಕರು. ಬೆಳಗಿನ ಸುತ್ತು ಸರಿ, ಮಧ್ಯಾಹ್ನದ್ದು ಮಳೆಗೆ ಹೋಗುತ್ತೆ, ಗೆಸ್ಟುಗಳು ದುಡ್ಡು ವಾಪಸ್ ಕೇಳ್ತಾರೆ ಅಂದರು. ಕ್ಯಾಂಪಿನ ಡ್ರೈವರುಗಳದ್ದೂ ಅದೇ ಮಾತು. ಮೋಡ ಕಪ್ಪಾದರೆ ಸಾಕು, ಮೆಸ್ ಟೆಂಟಿನಲ್ಲಿ ಆಲೂಗಡ್ಡೆ ಭಜಿಯಾ ತಿನ್ನುತ್ತಾ ಕೂತುಬಿಡುತ್ತಿದ್ದರು. ಈಗ ನನ್ನ ಗುಂಪಿನವರು ಆ ಮಳೆ ಮಧ್ಯಾಹ್ನಗಳಿಗೆ ಅಂತಲೇ ಬರುತ್ತಾರೆ. ನಕ್ಕವರಲ್ಲೇ ಇಬ್ಬರು ಹೋದ ಸೀಸನ್‌ನಲ್ಲಿ ಫೋನ್ ಮಾಡಿ, "ಹೇಗ್ ಮಾಡ್ತೀಯ ಹೇಳಪ್ಪಾ" ಅಂದರು. ಹೇಳುತ್ತೇನೆ. ಪೂರ್ತಿ ಅಲ್ಲ.

ಮೊದಲು ದುಡ್ಡಿನ ವಿಷಯ. ಜನವರಿಯಿಂದ ಜೂನ್‌ವರೆಗೆ ಪಾರ್ಕ್ ಫೀಸ್ ತಲೆಗೆ ದಿನಕ್ಕೆ 100 ಡಾಲರ್, ಜುಲೈನಿಂದ 200. ಆರು ಜನರ ಗಾಡಿಗೆ ಕಡಿಮೆ ಸೀಸನ್‌ನಲ್ಲೂ ಗೇಟಿನಲ್ಲೇ 600 ಡಾಲರ್ ಕೊಟ್ಟಾಯ್ತು. ಟಿಕೆಟ್ ನಡೆಯುವುದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಮಧ್ಯಾಹ್ನ ಕ್ಯಾಂಪಿನಲ್ಲಿ ಕೂತರೆ ಅದರಲ್ಲಿ ಅರ್ಧ ಹೋಯಿತು. ನನ್ನ ಹಟಕ್ಕೆ ಮೂಲ ಕಾರಣ ಇದೇ, ಕಾಡಿನ ಪ್ರೀತಿ ಆಮೇಲೆ.

ಶುರುವಿನಲ್ಲಿ ಎಲ್ಲರಂತೆ ನಾನೂ ಮಳೆ ಸುರಿಯುತ್ತಿರುವಾಗಲೇ ಹುಡುಕುತ್ತಿದ್ದೆ. ಗಾಡಿ ಓಡುತ್ತಿದ್ದರೆ ಗೆಸ್ಟುಗಳಿಗೆ ಸಮಾಧಾನ, ಅಲ್ವಾ? ಆದರೆ ಸಿಗುತ್ತಿದ್ದದ್ದು ಸೊನ್ನೆ. ಗಾಜಿಗೆ ಹಬೆ ಹಿಡಿಯುತ್ತದೆ, ಪಕ್ಕದ ಪರದೆ ಇಳಿಸಿದರೆ ಒಳಗೆ ಉಸಿರು ಕಟ್ಟುತ್ತದೆ. ಸಿಂಹ ಹುಲ್ಲಿನಲ್ಲಿ ತಲೆ ತಗ್ಗಿಸಿ ಮಲಗಿದ್ದರೆ ಪಕ್ಕದಲ್ಲೇ ದಾಟಿ ಹೋಗುತ್ತೇವೆ. ಸಾಲದ್ದಕ್ಕೆ ಕೆಸರಿನಲ್ಲಿ ಗಾಡಿ ಹೂತುಕೊಳ್ಳುವ ಕಾಟ. ಒಮ್ಮೆ ಟ್ರ್ಯಾಕ್ಟರ್ ಕರೆಸಿದರೆ ಹತ್ತು ಸಾವಿರ ಶಿಲ್ಲಿಂಗ್ ಹತ್ತಿರ, ಕತ್ತಲಾದರೆ ಇನ್ನೂ ಜಾಸ್ತಿ. ನೈರೋಬಿಯಲ್ಲಿ ಟೈರಿಗೆ ಹಾಕುವ ಚೈನು ತಂದೆ, ಒಂದು ಜೊತೆಗೆ ಇಪ್ಪತ್ತು ಸಾವಿರ ಶಿಲ್ಲಿಂಗ್ ಕೊಟ್ಟ ನೆನಪು. ಅರ್ಧ ಕಿಲೋಮೀಟರಿನಲ್ಲಿ ಮಣ್ಣು ತುಂಬಿಕೊಂಡು ಚೈನೇ ಕಾಣದಂತಾಯಿತು. ಈಗ ಅದು ಕ್ಯಾಂಪಿನ ಗೇಟಿಗೆ ಬೀಗ ಹಾಕಲು ಇದೆ.

ಇಲ್ಲಿ ನನ್ನ ಊರು ಕೈ ಹಿಡಿಯಿತು. ನಾನು ನರಗುಂದ ಕಡೆಯವನು. ಮಾರಾದಲ್ಲಿ ಎಲ್ಲರೂ ಬೈಯುವ ಆ ಕಪ್ಪು ಮಣ್ಣು ನಮ್ಮ ಎರೆ ಮಣ್ಣೇ. ಒಣಗಿದಾಗ ಬಾಯಿ ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಒಣಗಿದ ನೆಲಕ್ಕೆ ಬಿದ್ದ ಮೊದಲ ಮಳೆಯಲ್ಲಿ ಮೇಲಿನ ಒಂದೆರಡು ಬೆರಳಷ್ಟು ಮಾತ್ರ ಜಾರುತ್ತದೆ, ಕೆಳಗೆ ಗಟ್ಟಿ ಇರುತ್ತದೆ. ನಿಧಾನಕ್ಕೆ ಹೋದರೆ ದಾಟಬಹುದು. ಮೂರ್ನಾಲ್ಕು ದಿನ ಬಿಡದೆ ಹೊಯ್ದ ಮೇಲೆ ಅದೇ ದಾರಿಗೆ ತಳವೇ ಇರುವುದಿಲ್ಲ. ಹಾಗಾಗಿ ಇವತ್ತಿನ ಮಳೆ ನೋಡಿ ದಾರಿ ಆರಿಸಬಾರದು, ಮೊನ್ನೆಯ ಮಳೆ ನೋಡಬೇಕು. ಕ್ಯಾಂಪಿನ ಹಿಂದೆ ನೀರಿನ ಬಾಟಲಿ ಕತ್ತರಿಸಿ ಮಳೆಮಾಪಕ ಇಟ್ಟಿದ್ದೇನೆ. ಅಡುಗೆಯವನು ಅದನ್ನು ಎರಡು ಸಲ ಕಸಕ್ಕೆ ಎಸೆದ. ಕೆಂಪು ಗರಸಿನ ದಿಬ್ಬಗಳು ಎಲ್ಲೆಲ್ಲಿವೆ ಅಂತ ಬೇಸಿಗೆಯಲ್ಲೇ ಗುರುತು ಹಾಕಿಕೊಂಡಿದ್ದೇನೆ. ಆ ನಕ್ಷೆ ಮಾತ್ರ ಕೇಳಬೇಡಿ.

ಇನ್ನು ವಿಧಾನ. ಮಳೆಯಲ್ಲಿ ಹುಡುಕುವುದಲ್ಲ, ಮಳೆ ಬೀಳುವ ಹೊತ್ತಿಗೆ ಪ್ರಾಣಿಯ ಎದುರು ನಿಂತಿರಬೇಕು. ಬೆಳಗಿನ ಸುತ್ತಿನಲ್ಲಿ ಹೊಟ್ಟೆ ತುಂಬಿ ಮಲಗಿದ ಸಿಂಹ ಎಲ್ಲಿದೆ ಅಂತ ನೋಡಿಟ್ಟುಕೊಳ್ಳುತ್ತೇನೆ. ನಾಲ್ಕರ ಬದಲು ಎರಡಕ್ಕೇ ಹೊರಡುತ್ತೇನೆ, ಊಟ ಡಬ್ಬಿಯಲ್ಲಿ. ದಾರಿ ಬಿಟ್ಟು ಇಳಿಯುವಂತಿಲ್ಲವಾದ್ದರಿಂದ, ಗರಸಿನ ದಾರಿಗೆ ಹತ್ತಿರ ಇರುವ ಸಿಂಹದ ಹಿಂಡೇ ಬೇಕು. ಹೋಗಿ ಪಶ್ಚಿಮಕ್ಕೆ ಬೆನ್ನು ಮಾಡಿ ನಿಲ್ಲಿಸಿ ಎಂಜಿನ್ ಆರಿಸುತ್ತೇನೆ. ಆಮೇಲೆ ಎಷ್ಟೇ ಸುರಿಯಲಿ, ಕದಲುವುದಿಲ್ಲ. ಗೆಸ್ಟುಗಳು ಮೊದಲರ್ಧ ಗಂಟೆ ಗೊಣಗುತ್ತಾರೆ. ಫ್ಲಾಸ್ಕಿನ ಶುಂಠಿ ಚಹಾ ಅದಕ್ಕೇ.

ಪಶ್ಚಿಮಕ್ಕೆ ಬೆನ್ನು ಯಾಕೆ ಅಂದರೆ, ಸಂಜೆ ಕಾಮನಬಿಲ್ಲು ಮೂಡುವುದು ಪೂರ್ವದಲ್ಲಿ. ಸೂರ್ಯ 42 ಡಿಗ್ರಿಗಿಂತ ಕೆಳಗೆ ಇಳಿದ ಮೇಲಷ್ಟೇ ಬಿಲ್ಲು ನೆಲದ ಮೇಲಕ್ಕೆ ಬರುತ್ತದೆ. ಮಾರಾ ಭೂಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಅದು ಹೆಚ್ಚುಕಡಿಮೆ ನಾಲ್ಕು ಗಂಟೆಯ ಆಸುಪಾಸು. ಆರಕ್ಕೆ ಗೇಟು ದಾಟಬೇಕು. ಗೇಟಿನವರೆಗಿನ ದಾರಿಯ ಹೊತ್ತು ಕಳೆದರೆ ಕೈಯಲ್ಲಿರುವುದು ಒಂದೂವರೆ ಗಂಟೆ, ಅಷ್ಟೇ.

ಮಳೆಯಲ್ಲಿ ಗಂಡು ಸಿಂಹವನ್ನು ನೋಡಬೇಕು. ಕೇಸರ ನೆನೆದು ಕತ್ತಿಗೆ ಅಂಟಿ, ಮುಖ ಅರ್ಧಕ್ಕಿಳಿಯುತ್ತದೆ. ಕಿವಿ ಹಿಂದಕ್ಕೆ ಮಡಿಸಿ, ಕಣ್ಣು ಕಿರಿದು ಮಾಡಿ, ಮೂಗಿನ ತುದಿಯಿಂದ ತೊಟ್ಟಿಕ್ಕಿಸಿಕೊಂಡು ಕೂತಿರುತ್ತದೆ. ಮಳೆ ನಿಂತ ತಕ್ಷಣ ಏಳುವುದಿಲ್ಲ. ಹತ್ತು ಹದಿನೈದು ನಿಮಿಷ ಹಾಗೇ. ಆಮೇಲೆ ಮುಂಗಾಲು ಚಾಚಿ ಮೈಮುರಿದು, ನಿಂತು, ತಲೆ ಒದರುತ್ತದೆ. ಆ ಅಲುಗಾಟ ತಲೆಯಿಂದ ಶುರುವಾಗಿ ಸೊಂಟ ದಾಟಿ ಬಾಲದ ತುದಿಯಲ್ಲಿ ಮುಗಿಯುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗಿದ್ದರೆ ಹನಿಗಳು ಕಲಸಿಹೋಗುತ್ತವೆ. ಮಳೆಯ ಗೆರೆ ಬೇಕೆಂದವರು ಮಾತ್ರ 1/60ಕ್ಕೆ ಇಳಿಸಿ. ಒದರುವ ಮುಂಚೆ ಸಿಂಹ ಒಂದು ಸಣ್ಣ ಸೂಚನೆ ಕೊಡುತ್ತದೆ. ಅದನ್ನು ನನ್ನ ಗಾಡಿಯಲ್ಲಿ ಕೂತವರಿಗೆ ಮಾತ್ರ ಹೇಳುತ್ತೇನೆ. ಒದರಿದ ಮೇಲೆ ಹಿಂಡು ಒದ್ದೆ ಹುಲ್ಲು ಬಿಟ್ಟು ದಾರಿಗೇ ಬರುತ್ತದೆ. ನಾವಾಗಲೇ ದಾರಿಯಲ್ಲಿದ್ದೇವಲ್ಲ!

ಚೀತಾಗಳ ಮೇಲೂ ಇದನ್ನೇ ಪ್ರಯತ್ನಿಸಿದೆ, ಅಷ್ಟು ಕೆಲಸ ಮಾಡಲಿಲ್ಲ. ಮಳೆ ನಿಂತರೆ ಹುತ್ತ ಹತ್ತಿ ನೋಡುತ್ತವೆ ನಿಜ, ಆದರೆ ಯಾವ ಹುತ್ತ ಅಂತ ಯಾರು ಬಲ್ಲರು? ಮೋಡದ ದಿನ ಹಿಪ್ಪೋಗಳು ಹಗಲಲ್ಲೇ ದಡ ಬಿಟ್ಟು ಮೇಯಲು ಬರುತ್ತವೆ, ಅದು ಬೋನಸ್. ಇನ್ನೊಂದು ಹುಚ್ಚು ಇದೆ: ಮಳೆಯ ನಂತರ ರೆಕ್ಕೆ ಬಂದ ಗೆದ್ದಲು ಏಳುವ ಜಾಗ. ಟಾನಿ ಹದ್ದುಗಳು ಕೋಳಿಗಳ ಹಾಗೆ ನೆಲದಲ್ಲಿ ನಡೆದಾಡುತ್ತಾ ಹುಳ ಹೆಕ್ಕುತ್ತಿದ್ದರೆ ದೊಡ್ಡ ಕಿವಿಯ ನರಿಗಳೂ ಅಲ್ಲಿಗೆ ಬರುತ್ತವೆ. ಗೆಸ್ಟುಗಳಿಗೆ ಬೇಕಿರುವುದು ಸಿಂಹ, ನನಗೆ ಇದು. ಜಗಳ ಇದ್ದದ್ದೇ.

ಎರಡು ವಿಷಯದಲ್ಲಿ ಚೌಕಾಸಿ ಇಲ್ಲ. ಸಿಡಿಲಿದ್ದರೆ ರೂಫ್ ಮುಚ್ಚಲೇಬೇಕು, ಒಂಟಿ ಮರದ ಹತ್ತಿರ ನಿಲ್ಲಬಾರದು. ದಿಬ್ಬದ ನೆತ್ತಿಯೂ ಬೇಡ, ಸ್ವಲ್ಪ ಕೆಳಗೆ. ಎರಡನೆಯದು ತಾಲೆಕ್ ಹೊಳೆ. ಇಲ್ಲಿ ಹನಿ ಬೀಳದಿದ್ದರೂ ಮೇಲೆ ಸುರಿದರೆ ಇಲ್ಲಿ ಏರುತ್ತದೆ. ನೀರಂಚಿಗೆ ಕಡ್ಡಿ ನೆಟ್ಟು ಐದು ನಿಮಿಷ ನೋಡುತ್ತೇನೆ. ನೊರೆ, ಕಸಕಡ್ಡಿ ತೇಲಿ ಬರುತ್ತಿದ್ದರೆ ಕಡ್ಡಿಯೂ ಬೇಕಿಲ್ಲ, ಸುತ್ತು ದಾರಿಯೇ ಗತಿ.

ಸಾಮಾನು ಜಾಸ್ತಿ ಬೇಡ. ಹೂತ ಗಾಡಿ ಎತ್ತುವ ಹೈಲಿಫ್ಟ್ ಜಾಕ್ ಎಲ್ಲರ ಹತ್ತಿರ ಇರುತ್ತೆ, ಅದರಡಿಗೆ ಹಾಕಲು ಎರಡಡಿ ಹಲಗೆ ಇರುವುದಿಲ್ಲ. ಹಲಗೆ ಇಲ್ಲದೆ ಎತ್ತಿದರೆ ಗಾಡಿ ಏಳುವುದಿಲ್ಲ, ಜಾಕ್ ಇಳಿಯುತ್ತದೆ. ಟೈರಿನ ಗಾಳಿ 35 ಪಿಎಸ್‌ಐನಿಂದ 22ಕ್ಕೆ ಇಳಿಸುತ್ತೇನೆ. ಕೆಲವರು ಒಪ್ಪಲ್ಲ, ಅವರ ಗಾಡಿ ಅವರದ್ದು. ಕ್ಯಾಮೆರಾಕ್ಕೆ ದುಬಾರಿ ರೇನ್ ಕವರ್ ಬೇಕಿಲ್ಲ, ಹೋಟೆಲಿನ ಶವರ್ ಕ್ಯಾಪ್ ಸಾಕು. ಮತ್ತೆ, ಹೊಳೆ ದಾಟಿದ ವಾರದಲ್ಲಿ ಡಿಫ್ ಆಯಿಲ್, ಅಂದರೆ ಆಕ್ಸಲ್ಲಿನ ಗೇರುಗಳ (ಡಿಫರೆನ್ಷಿಯಲ್) ಎಣ್ಣೆ, ತೆಗೆದು ನೋಡಿ. ಬೆಳ್ಳಗೆ ಕಲಸಿಕೊಂಡಿದ್ದರೆ ನೀರು ಹೊಕ್ಕಿದೆ. ಆಗಲೇ ಬದಲಿಸಿದರೆ ನಾಲ್ಕೈದು ಸಾವಿರ ಶಿಲ್ಲಿಂಗಿನಲ್ಲಿ ಮುಗಿಯುತ್ತದೆ. ಬೇರಿಂಗ್ ಹೋಗುವವರೆಗೆ ಕಾದರೆ ಆ ಸೀಸನ್ನಿನ ಲಾಭವೆಲ್ಲ ನಾರೋಕ್ ಪಟ್ಟಣದ ಗ್ಯಾರೇಜಿಗೆ.