ಕ್ವೀನ್ಸ್‌ಲ್ಯಾಂಡ್ ಮಳೆಕಾಡು: ಮಂಡಿ ನೋವಿದ್ದವರೂ ನಡೆಯಬಹುದಾದ ಹಾದಿಗಳು

ಹಾದಿಯ ಬಾಯಲ್ಲಿದ್ದ ಫಲಕ ನೋಡಿ 'ಮುಕ್ಕಾಲು ಗಂಟೆಯ ನಡಿಗೆ, ಅಷ್ಟೇ' ಎಂದು ಅಮ್ಮನಿಗೆ ಹೇಳಿದ್ದೆ. ನಾವು ಹೊರಗೆ ಬರುವ ಹೊತ್ತಿಗೆ ಹತ್ತಿರ ಹತ್ತಿರ ಎರಡು ಗಂಟೆ ಕಳೆದಿತ್ತು. ದೂರ ಇದ್ದದ್ದು ಸುಮಾರು 1.2 ಕಿಲೋಮೀಟರ್. ತಡವಾದದ್ದು ಅಮ್ಮನ ಮಂಡಿಯಿಂದಲ್ಲ. ಒಂದೊಂದು ಬಳ್ಳಿಯೂ ಯಾವ ಮರದಿಂದ ಇಳಿದಿದೆ ಎಂದು ಕತ್ತೆತ್ತಿ ಹುಡುಕದೆ ಅವರು ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ.

"ಇನ್ನೂ ಎಷ್ಟು ದೂರ ಇದೆಯೋ?"

"ಕಾರು ಅಲ್ಲೇ ಕಾಣ್ತಿದೆ ನೋಡಮ್ಮಾ."

"ಅಯ್ಯೋ, ಆಗಲೇ ಮುಗೀತಾ?"

ಮಕ್ಕಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋಗುವ ನಮ್ಮ ಹಿರಿಯರು ಕೇರ್ನ್ಸ್‌ವರೆಗೂ ಹೋಗುತ್ತಾರೆ, ಹವಳದ ದಿಬ್ಬ ನೋಡುತ್ತಾರೆ, ಬೆನ್ನ ಹಿಂದೆಯೇ ಇರುವ ಕಾಡನ್ನು ಬಿಟ್ಟು ವಾಪಸಾಗುತ್ತಾರೆ. ಮಳೆಕಾಡು ಅಂದರೆ ಕತ್ತಿ ಹಿಡಿದು ದಾರಿ ಕಡಿದುಕೊಂಡು ಹೋಗಬೇಕು ಎನ್ನುವ ಭಯ. ಟೌನ್ಸ್‌ವಿಲ್ ಕಡೆಯಿಂದ ಕುಕ್‌ಟೌನ್ ಕಡೆಗೆ ಕರಾವಳಿಯ ಪಕ್ಕದಲ್ಲೇ ಹಬ್ಬಿರುವ ಈ ಕಾಡಿನ ಸುಮಾರು 9 ಸಾವಿರ ಚದರ ಕಿಲೋಮೀಟರ್ 1988ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರೊಳಗೆ ಚಪ್ಪಟೆ, ಚಿಕ್ಕ, ಚೊಕ್ಕ ಹಾದಿಗಳು ಬೇಕಾದಷ್ಟಿವೆ. ಹಾದಿ ಆರಿಸುವಾಗ ಕಿಲೋಮೀಟರ್ ನೋಡಬೇಡಿ. ಕಾಲಡಿ ಏನಿದೆ, ಪಕ್ಕದಲ್ಲಿ ಯಾವ ನೀರಿದೆ, ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ, ಈ ಮೂರು ನೋಡಿ.

ಮೊದಲು ತಿಂಗಳು ಗೊತ್ತು ಮಾಡಿ

ನಮ್ಮ ಬೇಸಿಗೆ ರಜೆಗೆ ಟಿಕೆಟ್ ಮಾಡಿಸುವವರೇ ಹೆಚ್ಚು. ಆದರೆ ಏಪ್ರಿಲ್ ಅಲ್ಲಿ ಮಳೆಗಾಲದ ಬಾಲ. ಡಿಸೆಂಬರ್‌ನಿಂದ ಸುರಿಯಲು ಶುರುವಾದದ್ದು ಆಗಿನ್ನೂ ಪೂರ್ತಿ ನಿಂತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಆಗಲೂ ಮಳೆ ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಕೇರ್ನ್ಸ್‌ನ ದಕ್ಷಿಣಕ್ಕಿರುವ ಬೆಲೆಂಡನ್ ಕೆರ್ ಬೆಟ್ಟದ ತುದಿಯಲ್ಲಿ ವರ್ಷಕ್ಕೆ ಸರಾಸರಿ 8,000 ಮಿಲಿಮೀಟರ್ ಮಳೆ ಬೀಳುತ್ತದೆ. ಅಂಥ ಊರಿನಲ್ಲಿ 'ಒಣ ಋತು' ಅನ್ನುವುದು ಸ್ವಲ್ಪ ತಮಾಷೆಯ ಮಾತೇ.

2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಬಂದಾಗ ಕೇರ್ನ್ಸ್‌ನ ಉತ್ತರಕ್ಕಿರುವ ಡೇನ್‌ಟ್ರೀ ಭಾಗದ ರಸ್ತೆ, ಕಾಲುಹಾದಿಗಳು ಕುಸಿದವು. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಕ್ವೀನ್ಸ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನಗಳ ಜಾಲತಾಣದಲ್ಲಿ 'ಪಾರ್ಕ್ ಅಲರ್ಟ್ಸ್' ನೋಡುವುದನ್ನು ಮರೆಯಬೇಡಿ. ಮುಚ್ಚಿರುವ ಹಾದಿ ಯಾವುದು ಎಂದು ಅಲ್ಲಿ ಹಾಕಿರುತ್ತಾರೆ.

ಶೂ ಊರಲ್ಲೇ ತೊಳೆಯಿರಿ

ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಮಣ್ಣು ಮೆತ್ತಿದ ಶೂ ತೊಟ್ಟು ಆಸ್ಟ್ರೇಲಿಯಾದಲ್ಲಿ ಇಳಿದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ; ಮಣ್ಣಿನ ಜೊತೆ ರೋಗ, ಬೀಜ ಬರುತ್ತವೆ ಎಂಬ ಕಾರಣಕ್ಕೆ ಕಾನೂನು ಬಿಗಿ. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಅಟ್ಟೆಯ ಸಂದುಗೊಂದೆಲ್ಲ ಉಜ್ಜಿ, ಒಣಗಿಸಿ, ಆಮೇಲೆ ಪ್ಯಾಕ್ ಮಾಡಿ. ಕಾಡು ಮೇಡು ತಿರುಗಿದ ಶೂ ಆಗಿದ್ದರೆ ಪ್ರಯಾಣಿಕರ ಕಾರ್ಡಿನಲ್ಲಿ ಅದನ್ನು ಬರೆದುಬಿಡಿ. ಬರೆದವರಿಗೆ ತೊಂದರೆಯಿಲ್ಲ, ಮುಚ್ಚಿಟ್ಟವರಿಗೆ ದಂಡ.

ದುಬಾರಿ ಟ್ರೆಕ್ಕಿಂಗ್ ಶೂ ಬೇಕಿಲ್ಲ. ಅಟ್ಟೆಯಲ್ಲಿ ಹಿಡಿತ ಇರುವ, ಒದ್ದೆಯಾದರೆ ಬೇಗ ಒಣಗುವ ಶೂ ಸಾಕು. ಚಪ್ಪಲಿ ಮಾತ್ರ ಬೇಡ.

ಮೊದಲ ದಿನ ಹಲಗೆಯ ಹಾದಿ

ಶುರುವಿಗೆ ಮಾಸ್‌ಮನ್ ಗಾರ್ಜ್. ಕೇರ್ನ್ಸ್‌ನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಕಾರು ಕಣಿವೆಯೊಳಗೆ ಹೋಗುವುದಿಲ್ಲ. ಸ್ವಾಗತ ಕೇಂದ್ರದಲ್ಲಿ ನಿಲ್ಲಿಸಿ ಅವರ ಬಸ್ ಹತ್ತಬೇಕು. ಒಳಗೆ 270 ಮೀಟರಿನ ಬರಲ್ ಮರ್ಜಂಗ ಎಂಬ ಎತ್ತರಿಸಿದ ಹಲಗೆ ಹಾದಿ ಇದೆ. ನಿಮ್ಮ ಕಾಲು ಹೇಗಿದೆ ಎಂದು ಅಲ್ಲಿಯೇ ಪರೀಕ್ಷೆ ಮಾಡಿಕೊಳ್ಳಿ. ಹುರುಪು ಉಳಿದಿದ್ದರೆ ರೆಕ್ಸ್ ಕ್ರೀಕ್ ಮೇಲಿನ ತೂಗುಸೇತುವೆ ದಾಟಿ 2.4 ಕಿಲೋಮೀಟರಿನ ಸುತ್ತು ಹಾಕಬಹುದು. ಅಲ್ಲಿಂದಾಚೆ ಹಲಗೆ ಇಲ್ಲ. ಬೇರು, ಕಲ್ಲು, ಮೆಟ್ಟಿಲು. ಇದು ಇಲ್ಲಿನ ಮೂಲನಿವಾಸಿಗಳಾದ ಕುಕು ಯಲಾಂಜಿ ಜನರ ನೆಲ. ಡೇನ್‌ಟ್ರೀ ರಾಷ್ಟ್ರೀಯ ಉದ್ಯಾನದ ಒಡೆತನ 2021ರಲ್ಲಿ ಪೂರ್ವ ಕುಕು ಯಲಾಂಜಿಯವರಿಗೆ ಮರಳಿ ಸಿಕ್ಕಿತು. ಅವರೇ ಕರೆದುಕೊಂಡು ಹೋಗುವ ನಡಿಗೆಗಳೂ ಇವೆ. ದುಡ್ಡು ಕೊಟ್ಟಾದರೂ ಒಮ್ಮೆ ಅವರ ಜೊತೆ ಹೋಗಿ ಎಂಬುದು ನನ್ನ ಸಲಹೆ. ನಮಗೆ ಬರೀ ಹಸಿರಾಗಿ ಕಾಣುವುದರಲ್ಲಿ ಯಾವುದು ಔಷಧಿ, ಯಾವುದು ಸೋಪು, ಯಾವುದು ವಿಷ ಎಂದು ಅವರು ಬಿಡಿಸಿ ತೋರಿಸುತ್ತಾರೆ.

ಮರುದಿನ ಡೇನ್‌ಟ್ರೀ ನದಿ ದಾಟಿ. ಸೇತುವೆ ಇಲ್ಲ, ಕಬ್ಬಿಣದ ಹಗ್ಗ ಎಳೆದುಕೊಂಡು ಹೋಗುವ ಫೆರಿ ಇದೆ. ಕಾರು ಸಮೇತ ಹತ್ತುವುದು. ಆಚೆ ದಡದಿಂದ ಕೇಪ್ ಟ್ರಿಬ್ಯುಲೇಷನ್‌ವರೆಗಿನ ರಸ್ತೆಯಲ್ಲಿ ಮೂರು ಹಲಗೆ ಹಾದಿಗಳು ಒಂದರ ನಂತರ ಒಂದು ಸಿಗುತ್ತವೆ: ಜಿಂದಾಲ್ಬಾ, ಮಾರ್ಜಾ, ದುಬುಜಿ.

ಮೂರನ್ನೂ ಒಂದೇ ದಿನ ಮುಗಿಸುವ ಹಟ ಬೇಡ. ಒಂದನ್ನೇ ಆರಿಸಬೇಕಾದರೆ ನನ್ನ ಮತ ಮಾರ್ಜಾಗೆ. ದಟ್ಟ ಕಾಡಿನಲ್ಲಿ ಶುರುವಾದ ಹಲಗೆ ನಿಮಗೆ ಗೊತ್ತಾಗದಂತೆ ಆಲಿವರ್ ಕ್ರೀಕ್‌ನ ಕಾಂಡ್ಲಾ ಕಾಡಿಗೆ ಬಂದುಬಿಡುತ್ತದೆ. ಮೊದಲು ಬದಲಾಗುವುದು ವಾಸನೆ. ಎಲೆ ಕೊಳೆತ ತಂಪು ವಾಸನೆ ಹೋಗಿ ಉಪ್ಪು ಕೆಸರಿನ ವಾಸನೆ ಮೂಗಿಗೆ ಬಡಿಯುತ್ತದೆ. ಆಮೇಲೆ ಕೆಳಗೆ ನೋಡಿದರೆ ಕೆಸರಿನ ತುಂಬ ಉಸಿರಾಡುವ ಬೇರುಗಳು ತಲೆ ಎತ್ತಿಕೊಂಡಿರುತ್ತವೆ. ಅಮ್ಮ ಅಲ್ಲಿ ಕಂಬಿ ಹಿಡಿದು ನಿಂತವರು ಹತ್ತು ನಿಮಿಷ ಅಲುಗಲಿಲ್ಲ. ದುಬುಜಿಯೂ ಸುಮಾರು 1.2 ಕಿಲೋಮೀಟರಿನದೇ, ಬೀಸಣಿಗೆ ತಾಳೆಗಳು ನೆತ್ತಿಯ ಮೇಲೆ ದುಂಡನೆಯ ಕೊಡೆ ಬಿಚ್ಚಿದ ಹಾಗೆ ನಿಂತಿರುತ್ತವೆ. ಜಿಂದಾಲ್ಬಾದ ಹಲಗೆ ಸುತ್ತು 650 ಮೀಟರ್, ಮಕ್ಕಳಿದ್ದರೆ ಅದು ಸರಿ.

ನದಿ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಎಲ್ಲಿಗೆ ಹೋಗುತ್ತೇವೆ, ಎಷ್ಟಕ್ಕೆ ಬರುತ್ತೇವೆ ಎಂದು ಉಳಿದುಕೊಂಡ ಕಡೆ ಹೇಳಿ ಹೊರಡಿ. ತುರ್ತು ಸಂಖ್ಯೆ 000.

ಸೆಖೆ ತಡೆಯದವರಿಗೆ ಅಥರ್ಟನ್

ಕರಾವಳಿಯ ಕಾಡಿನಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರಿಗೆ ಹೋಗಲು ಜಾಗವಿಲ್ಲ, ಮೈ ತಣಿಯುವುದಿಲ್ಲ. ರಕ್ತದೊತ್ತಡದವರಿಗೆ, ವಯಸ್ಸಾದವರಿಗೆ ಸುಸ್ತಾಗುವುದು ಇದರಿಂದಲೇ. ಅಂಥವರು ನೇರ ಅಥರ್ಟನ್ ಪ್ರಸ್ಥಭೂಮಿಗೆ ಹತ್ತಿಬಿಡಿ. ಅಲ್ಲಿ ತಂಪು. ಜುಲೈನಲ್ಲಿ ಬೆಳಿಗ್ಗೆ ಸ್ವೆಟರ್ ಬೇಕೆನಿಸುತ್ತದೆ.

ಅಲ್ಲಿನ ಈಚಮ್ ಮತ್ತು ಬ್ಯಾರಿನ್ ಕೆರೆಗಳು ಜ್ವಾಲಾಮುಖಿಯಿಂದ ಆದ ಬಾವಿಗಳು. ಮೇಲೇರಿದ ಶಿಲಾಪಾಕ ಅಂತರ್ಜಲಕ್ಕೆ ತಾಗಿ, ಹಬೆ ಸಿಡಿದು ಉಂಟಾದ ಗುಂಡಿಗಳಲ್ಲಿ ಮಳೆನೀರು ತುಂಬಿಕೊಂಡಿದೆ. ಬ್ಯಾರಿನ್ ಸುತ್ತ ಸುಮಾರು 5 ಕಿಲೋಮೀಟರ್, ಈಚಮ್ ಸುತ್ತ 3. ಎರಡೂ ಬಹುಪಾಲು ಸಮತಟ್ಟು. ಬ್ಯಾರಿನ್‌ನಲ್ಲಿ ಹಾದಿ ಶುರುವಾದ ಸ್ವಲ್ಪದರಲ್ಲೇ ಕೌರಿ ಎಂಬ ಭಾರಿ ಗಾತ್ರದ ಜೋಡಿ ಮರಗಳಿವೆ. ಪೂರ್ತಿ ಸುತ್ತು ಬೇಡವೆಂದರೆ ಅಲ್ಲಿಯವರೆಗೆ ಹೋಗಿ ಬಂದರೂ ಸಾಕು.

ಈಚಮ್‌ನಲ್ಲಿ ಮರದ ಕಾಂಡಗಳನ್ನು ಸೊಂಟದೆತ್ತರದಲ್ಲಿ ನೋಡುತ್ತ ಹೋಗಿ. ಬಾಯ್ಡ್ ಓತಿ ಎಂಬ ಓತಿಕ್ಯಾತವೊಂದು ಅಂಟಿಕೊಂಡಿರುತ್ತದೆ, ಬೆನ್ನ ಮೇಲೆ ಗರಗಸದ ಹಲ್ಲು, ಗದ್ದದಡಿ ಹಳದಿ ಚೀಲ. ನೀವು ಬಲಕ್ಕೆ ಬಂದರೆ ಅದು ಕಾಂಡ ಸುತ್ತಿ ಎಡಕ್ಕೆ ಸರಿಯುತ್ತದೆ. ಓಡುವುದಿಲ್ಲ, ಸುಮ್ಮನೆ ಮರೆಯಾಗುತ್ತದೆ. ಇಬ್ಬರಿದ್ದರೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಂತುಕೊಳ್ಳಿ. ಯಾರಾದರೊಬ್ಬರಿಗೆ ಕಾಣಲೇಬೇಕು.

ಅಲ್ಲಿಂದ ಯಂಗಬರ್ರಾ ಕಡೆಗೆ ಹೊರಟರೆ 'ಕರ್ಟನ್ ಫಿಗ್'. ನಮ್ಮ ಆಲದ ಬಳಗದ್ದೇ. ಅದು ತಬ್ಬಿಕೊಂಡಿದ್ದ ಮರ ಪಕ್ಕದ ಮರದ ಮೇಲೆ ಓರೆಯಾಗಿ ಬಿದ್ದಾಗ ಬಿಳಲುಗಳು ಸಾಲಾಗಿ ನೇರ ಕೆಳಕ್ಕೆ ಇಳಿದವು. ಈಗ ಸುಮಾರು 15 ಮೀಟರ್ ಎತ್ತರದ ಪರದೆ. ನಡೆಯುವುದೇ ಬೇಡ ಎನ್ನುವಷ್ಟು ಚಿಕ್ಕ ಹಲಗೆ ಸುತ್ತು. ಕಾರಿನಿಂದ ಇಳಿಯಲೇ ಬೇಜಾರು ಪಡುವವರನ್ನೂ ಇಲ್ಲಿ ಇಳಿಸಬಹುದು.

ಕೈ ಕಟ್ಟಿ ನಡೆಯಿರಿ

ಹಲಗೆ ಮುಗಿದು ಮಣ್ಣಿನ ಹಾದಿ ಬಂದರೆ ಒದ್ದೆ ಬೇರನ್ನು ತುಳಿಯದೆ ದಾಟಿ. ಪಾಚಿ ಕಟ್ಟಿದ ಬೇರಿನಷ್ಟು ಜಾರುವುದು ಇನ್ನೊಂದಿಲ್ಲ. ಜಾರಿದಾಗ ಕೈಗೆ ಸಿಕ್ಕಿದ್ದನ್ನು ಹಿಡಿಯುವುದು ನಮ್ಮ ಸ್ವಭಾವ. ಈ ಕಾಡಿನಲ್ಲಿ ಅದೇ ದೊಡ್ಡ ತಪ್ಪು.

ಗಿಂಪಿ ಗಿಂಪಿ ಅಂತೊಂದು ಗಿಡವಿದೆ. ತುರುಚಿ ಸೊಪ್ಪಿನ ದಾಯಾದಿ ಎನ್ನಿ, ಆದರೆ ಇದರ ಮುಂದೆ ತುರುಚಿ ಪಾಪದ್ದು. ಹೃದಯದ ಆಕಾರದ ಅಗಲ ಎಲೆ, ಅಂಚಿಗೆ ಹಲ್ಲು, ಮೇಲೆಲ್ಲ ಮೆತ್ತನೆ ರೋಮ. ಆ ರೋಮ ಗಾಜಿನಂತೆ ಸಿಲಿಕಾದ್ದು, ಚರ್ಮದೊಳಗೆ ಮುರಿದು ಉಳಿದುಬಿಡುತ್ತದೆ. ಉರಿ ತಿಂಗಳುಗಟ್ಟಲೆ ಮರುಕಳಿಸಬಹುದು. ಮರ ಬಿದ್ದು ಬಿಸಿಲು ಬಂದ ಕಡೆ, ಹಾದಿಯಂಚಿನಲ್ಲಿ ಇದು ಬೆಳೆಯುತ್ತದೆ. ಅಂದರೆ ನಾವು ಫೋಟೋಗೆಂದು ನಿಲ್ಲುವ ಜಾಗದಲ್ಲೇ. ತಾಗಿದರೆ ಉಜ್ಜಬೇಡಿ. ರೋಮ ಕೀಳುವ ವ್ಯಾಕ್ಸ್ ಪಟ್ಟಿಯನ್ನು ಅಂಟಿಸಿ ಎಳೆಯುವುದು ಅಲ್ಲಿನವರ ಉಪಾಯ. ಆಮೇಲೆ ವೈದ್ಯರ ಬಳಿ ಹೋಗಿ.

ಇನ್ನೊಂದು ಬೆತ್ತದ ಬಳ್ಳಿ. ಅದಕ್ಕೆ ಅಲ್ಲಿ 'ವೇಟ್ ಅ ವೈಲ್' ಎನ್ನುತ್ತಾರೆ, ಸ್ವಲ್ಪ ತಾಳು ಅಂತ. ಕೊಕ್ಕೆ ಮುಳ್ಳು ಅಂಗಿಗೆ ಸಿಕ್ಕಿದರೆ ಎಳೆದಾಡದೆ ಒಂದು ಹೆಜ್ಜೆ ಹಿಂದೆ ಸರಿಯಿರಿ, ತಾನೇ ಬಿಡುತ್ತದೆ.

ನೀರು ಕಂಡರೆ ನಿಲ್ಲಿ

ಕರಾವಳಿಯ ನದಿ, ಅಳಿವೆ, ಸಮುದ್ರ ತೀರ ಎಲ್ಲ ಕಡೆ ಉಪ್ಪುನೀರಿನ ಮೊಸಳೆ ಇದೆ ಎಂದೇ ತಿಳಿಯಿರಿ. ಎಚ್ಚರಿಕೆಯ ಹಳದಿ ಫಲಕದಲ್ಲಿ ಇಂಗ್ಲಿಷಿನ ಜೊತೆ ಜರ್ಮನ್ ಭಾಷೆಯಲ್ಲೂ 'ಆಕ್ಟುಂಗ್' ಎಂದು ಬರೆದಿರುತ್ತಾರೆ. ಕನ್ನಡದಲ್ಲಿಲ್ಲ ಎಂದು ನಾವು ಕಾಲು ತೊಳೆಯಲು ಇಳಿಯುವುದು ಬೇಡ. ನೀರಿನಂಚಿನಿಂದ ಕನಿಷ್ಠ 5 ಮೀಟರ್ ದೂರ.

ಮೊಸಳೆಯಿಲ್ಲದ ಬೆಟ್ಟದ ತೊರೆಗೂ ಬೇರೆ ಅಪಾಯವಿದೆ. ಜೋಸೆಫೀನ್ ಜಲಪಾತದ ಹಾದಿ ಹೋಗಿ ಬರಲು 1.2 ಕಿಲೋಮೀಟರ್, ಬಹಳ ಸಲೀಸು. ಆದರೆ ನೀರು ಬರುವುದು 1,600 ಮೀಟರ್ ಮೀರಿದ ಬಾರ್ಟಲ್ ಫ್ರೀರ್ ಬೆಟ್ಟದಿಂದ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆ ಸುರಿದ ಮಳೆ ಕ್ಷಣದಲ್ಲಿ ಕೆಳಗೆ ಬಂದು ಎಳೆದೊಯ್ಯುತ್ತದೆ. ಹಿರಿಯರು ವೀಕ್ಷಣೆಯ ಕಟ್ಟೆಯಲ್ಲೇ ನಿಂತರೆ ಏನೂ ನಷ್ಟವಿಲ್ಲ.

ಕ್ಯಾಸೊವರಿ ಎದುರಾದರೆ

ಆಳೆತ್ತರದ ಹಕ್ಕಿ, ನೀಲಿ ಕತ್ತು, ತಲೆಯ ಮೇಲೆ ಕೊಂಬಿನ ಕಿರೀಟ, ಒಳಬೆರಳಿನಲ್ಲಿ ಚೂರಿಯಂಥ ಉಗುರು. ಓಡಬೇಡಿ. ಮುಖ ಅದರ ಕಡೆಗಿಟ್ಟು ನಿಧಾನಕ್ಕೆ ಹಿಂದೆ ಸರಿಯಿರಿ, ಬ್ಯಾಗನ್ನು ಎದುರಿಗೆ ಹಿಡಿಯಿರಿ. ತಿಂಡಿ ಎಸೆಯುವುದು ಕಾನೂನಿಗೂ ವಿರುದ್ಧ, ಹಕ್ಕಿಗೂ ಕೇಡು. ಮನುಷ್ಯರ ಕೈ ನೋಡಲು ಕಲಿತ ಹಕ್ಕಿ ರಸ್ತೆಗೆ ಬಂದು ಕಾರಿಗೆ ಸಿಗುತ್ತದೆ. ನಮಗೆ ಹಕ್ಕಿ ಕಾಣಲಿಲ್ಲ. ಜಿಂದಾಲ್ಬಾದಲ್ಲಿ ಅದರ ಹಿಕ್ಕೆ ಕಂಡಿತು: ಬುಟ್ಟಿಯಿಂದ ಬೋರಲು ಹಾಕಿದಂತೆ ನೇರಳೆ ಬಣ್ಣದ ರಾಶಿ, ತುಂಬ ಇಡಿಯಿಡೀ ಬೀಜಗಳು. ಈ ಕಾಡಿನ ದೊಡ್ಡ ಬೀಜಗಳನ್ನು ಹೊತ್ತು ಬಿತ್ತುವುದು ಹೆಚ್ಚಾಗಿ ಈ ಹಕ್ಕಿಯೇ.

ಹೊರಗೆ ಬಂದ ಮೇಲೆ

ಮಧ್ಯಾಹ್ನ ಮೂರೂವರೆಗೆಲ್ಲ ಹಾದಿ ಮುಗಿದಿರುವಂತೆ ಹೊರಡಿ. ಅಲ್ಲಿನ ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮರಗಳ ಕೆಳಗೆ ಕತ್ತಲು ಅದಕ್ಕೂ ಮೊದಲೇ.

ಕಾರು ಹತ್ತುವ ಮುಂಚೆ ಸಾಕ್ಸ್ ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ನೋಡಿ. ಇಂಬಳ ಕಚ್ಚಿದ್ದರೆ ಉಗುರಿನಿಂದ ಪಕ್ಕಕ್ಕೆ ಸರಿಸಿದರಾಯಿತು. ಬೆಂಕಿ, ಉಪ್ಪು ಬೇಡ. ಅಮ್ಮ ಈಚಮ್‌ನಲ್ಲಿ ಅಲ್ಲೇ ಕೂತು ಶಿಸ್ತಾಗಿ ಎರಡು ತೆಗೆದರು. ನಾನು ಆಮೇಲೆ ನೋಡಿಕೊಂಡರಾಯಿತು ಎಂದೆ. ನನ್ನದು ಆ ರಾತ್ರಿ ಮೋಟೆಲಿನ ಬಿಳಿ ಹಾಸಿಗೆಯ ಮೇಲೆ ಸಿಕ್ಕಿತು, ಹೊಟ್ಟೆ ತುಂಬಿಕೊಂಡು.