ಮರಿ ಆನೆಯ ಕಣ್ಣು ಎಲ್ಲಿಡಬೇಕು?

ನನ್ನ ಮೊದಲ ಆನೆ ಕೇಕ್ ಪಾಪ್ (ಕಡ್ಡಿಗೆ ಚುಚ್ಚಿ ಚಾಕೊಲೇಟಿಗೆ ಅದ್ದಿದ ಕೇಕ್ ಉಂಡೆ) ನೋಡಿ ಮಗಳು ಕೇಳಿದಳು, "ಅಮ್ಮಾ, ಇದು ಅಜ್ಜ ಆನೆನಾ?"

ನಾನು ಮಾಡಿದ್ದು ಮರಿ ಆನೆ. ಕಿವಿ ಚೆನ್ನಾಗಿತ್ತು, ಸೊಂಡಿಲು ಚೆನ್ನಾಗಿತ್ತು, ಬೂದು ಬಣ್ಣವೂ ನೆನೆಸಿದ ಹಾಗೇ ಬಂದಿತ್ತು. ಆದರೂ ಮಗು ಹೇಳಿದ್ದೇ ಸರಿ. ಮುಖದಲ್ಲಿ ಎಳೆತನ ಇರಲಿಲ್ಲ. ಎಲ್ಲಿ ತಪ್ಪಿತು ಅಂತ ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು.

ತೀರ್ಥಹಳ್ಳಿಯಲ್ಲಿ ಮನೆಯಿಂದಲೇ ಕೇಕ್ ಮಾಡಿಕೊಡುತ್ತೇನೆ. ಆ ಸಲ ಸಾಗರದ ಒಂದು ಮನೆಯವರು ಮಗುವಿನ ಹುಟ್ಟುಹಬ್ಬಕ್ಕೆ 24 ಕೇಕ್ ಪಾಪ್ ಕೇಳಿದ್ದರು. ಎಂಟು ಆನೆ, ಎಂಟು ಹುಲಿ, ಎಂಟು ಬೆಕ್ಕು. ಎಲ್ಲವೂ ಕಾರ್ಟೂನಿನ ಹಾಗೆ ಮುದ್ದಾಗಿರಬೇಕು. ತಿಂಗಳು ಜುಲೈ. ಹೊರಗೆ ಜಡಿಮಳೆ.

ಕೇಕ್ ಉಂಡೆ ಕಟ್ಟುವುದು ನಮ್ಮ ಕಡೆಯ ಹೆಂಗಸರಿಗೆ ಕಷ್ಟದ ಕೆಲಸ ಅಲ್ಲ. ರವೆ ಉಂಡೆ, ಎಳ್ಳುಂಡೆ ಕಟ್ಟಿದ ಕೈಗೆ ಹದ ತಾನಾಗಿ ಸಿಗುತ್ತದೆ. ಸುಮಾರು 600 ಗ್ರಾಂ ಸ್ಪಂಜ್ ಕೇಕ್ ತಗೊಂಡು, ಕಂದು ಬಣ್ಣದ ಅಂಚನ್ನೆಲ್ಲ ಕತ್ತರಿಸಿ ತೆಗೆದು, ಉಳಿದದ್ದನ್ನು ಕೈಯಲ್ಲಿ ಪುಡಿ ಮಾಡುತ್ತೇನೆ. ಅಂಚು ಉಳಿದರೆ ಉಂಡೆ ನುಣ್ಣಗಾಗುವುದಿಲ್ಲ. ಆಮೇಲೆ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್, ಹಾಕುವುದು. ಎಲ್ಲ ಒಟ್ಟಿಗೆ ಸುರಿಯಬೇಡಿ, ಒಂದೊಂದೇ ಚಮಚ. ಮುಷ್ಟಿಯಲ್ಲಿ ಒತ್ತಿದರೆ ನಿಲ್ಲಬೇಕು, ಕೈಗೆ ಅಂಟಬಾರದು. ಗನಾಶ್ ಜಾಸ್ತಿಯಾದರೆ ಉಂಡೆ ಭಾರಕ್ಕೆ ಕಡ್ಡಿಯಿಂದ ಜಾರಿ ಕೆಳಗೆ ಬರುತ್ತದೆ. ಪ್ರತಿ ಉಂಡೆಯನ್ನೂ 28 ಗ್ರಾಂ ತೂಗಿಯೇ ಕಟ್ಟುತ್ತೇನೆ. ಸಾಲಾಗಿ ನಿಲ್ಲಿಸಿದಾಗ ಒಂದು ಮುಖ ದೊಡ್ಡದು, ಒಂದು ಚಿಕ್ಕದು ಆದರೆ ನೋಡಲು ಚೆಂದ ಇರುವುದಿಲ್ಲ.

ಉಂಡೆಗಳನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಬೇಕು. ಫ್ರೀಜರ್ ಬೇಡ. ತೀರಾ ತಣ್ಣಗಿರುವ ಉಂಡೆಯನ್ನು ಬಿಸಿ ಚಾಕೊಲೇಟಿಗೆ ಅದ್ದಿದರೆ ಮೇಲಿನ ಪದರ ಥಟ್ಟನೆ ಗಟ್ಟಿಯಾಗುತ್ತದೆ. ಒಳಗಿನ ಕೇಕ್ ನಿಧಾನಕ್ಕೆ ಬೆಚ್ಚಗಾಗಿ ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದೆ ಪದರ ಸೀಳುತ್ತದೆ. ಹುಲಿಯ ಹಣೆಗೆ ಅಡ್ಡಲಾಗಿ ಬಿರುಕು ಬಿದ್ದರೆ ಪಟ್ಟೆ ಬರೆದು ಮುಚ್ಚಬಹುದು. ಬೆಕ್ಕಿಗೆ ಆ ದಾರಿ ಇಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಫ್ರಿಜ್ಜಿನಿಂದ ತೆಗೆದ ಎರಡೇ ನಿಮಿಷಕ್ಕೆ ಉಂಡೆಯ ಮೇಲೆ ಹನಿ ಕೂರುತ್ತದೆ. ಆ ನೀರು ಚಾಕೊಲೇಟಿಗೆ ಸೇರಿದರೆ ಮುಗಿಯಿತು, ಕರಗಿದ್ದದ್ದು ಕ್ಷಣದಲ್ಲಿ ಮುದ್ದೆಯಾಗುತ್ತದೆ. ನನ್ನ ಮೊದಲ ಅರ್ಧ ಕಿಲೋ ಹೀಗೇ ಹಾಳಾಯಿತು. ಈಗ ಉಂಡೆಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಹಾಕುತ್ತೇನೆ. ಹೊರಗೆ ತಂದ ಮೇಲೂ ಹತ್ತು ನಿಮಿಷ ಮುಚ್ಚಳ ತೆಗೆಯುವುದಿಲ್ಲ. ಹನಿ ಡಬ್ಬಿಯ ಹೊರಗೆ ಕೂರುತ್ತದೆ, ಉಂಡೆ ಒಣಗಿರುತ್ತದೆ. ಒಂದು ಡಬ್ಬಿಗೆ ಆರೇ ಉಂಡೆ. ಅವು ಮುಗಿದ ಮೇಲೆ ಇನ್ನೊಂದು ಡಬ್ಬಿ.

ಚಾಕೊಲೇಟ್ ಅಂದರೆ ಇಲ್ಲಿ ಬಿಳಿ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಟೆಂಪರಿಂಗ್ (ಹದ ನೋಡಿ ಬಿಸಿ ಮಾಡಿ ತಣಿಸುವುದು) ಬೇಕಿಲ್ಲ, ಕರಗಿಸಿದರೆ ಸಾಕು. ಬಣ್ಣ ಮಾತ್ರ ಎಣ್ಣೆಯಲ್ಲಿ ಕರಗುವಂಥದ್ದೇ ಬೇಕು. ಕ್ರೀಮಿಗೆ ಹಾಕುವ ಮಾಮೂಲಿ ಜೆಲ್ ಕಲರಿನಲ್ಲಿ ನೀರಿನಂಶ ಇರುತ್ತದೆ. ಅದೂ ಚಾಕೊಲೇಟನ್ನು ಮುದ್ದೆ ಮಾಡುತ್ತದೆ. ಕರಗಿದ್ದು ದಪ್ಪ ಅನಿಸಿದರೆ ವಾಸನೆ ಇಲ್ಲದ ಅಡುಗೆ ಎಣ್ಣೆ ಒಂದು ಚಮಚ ಸೇರಿಸುತ್ತೇನೆ. ನೀರು, ಹಾಲು ಎರಡೂ ಬೇಡ.

ಕರಗಿದ್ದನ್ನು ಉದ್ದ ಲೋಟಕ್ಕೆ ಸುರಿಯಬೇಕು. ಕಡ್ಡಿಯ ತುದಿಯನ್ನು ಮೊದಲು ಅದರಲ್ಲಿ ಅದ್ದಿ, ಉಂಡೆಯ ಅರ್ಧದವರೆಗೆ ಚುಚ್ಚಿ, ಎರಡು ನಿಮಿಷ ಬಿಡಿ. ಅಂಟು ಗಟ್ಟಿಯಾದ ಮೇಲೆ ಉಂಡೆಯನ್ನು ನೇರವಾಗಿ ಒಂದೇ ಸಲ ಮುಳುಗಿಸಿ ತೆಗೆಯುವುದು. ಒಳಗೆ ತಿರುಗಿಸಿದರೆ ಉಂಡೆ ಲೋಟದಲ್ಲೇ ಉಳಿಯುತ್ತದೆ. ಹೊರಗೆ ತೆಗೆದು, ಕಡ್ಡಿ ಹಿಡಿದ ಕೈಯ ಮಣಿಕಟ್ಟಿಗೆ ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿದರೆ ಹೆಚ್ಚಿನದು ಇಳಿದುಹೋಗುತ್ತದೆ.

ಒಣಗಲು ನಿಲ್ಲಿಸುವುದು ಬಾಳೆ ದಿಂಡಿನ ಮೇಲೆ! ಥರ್ಮೋಕೋಲ್ ತರಲು ಪೇಟೆಗೆ ಹೋಗಬೇಕು, ಬಾಳೆ ಹಿತ್ತಲಲ್ಲೇ ಇದೆ. ಗೊನೆ ಕಡಿದ ಗಿಡದ ಒಂದು ಮೊಳ ತುಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಡ್ಡಿ ಚುಚ್ಚಿದರೆ ಅಲುಗಾಡುವುದಿಲ್ಲ. ಅತ್ತೆ ಇದನ್ನು ಬಚ್ಚಲೊಲೆ ಹತ್ತಿರ ಇಡು, ಬೇಗ ಒಣಗುತ್ತೆ ಅಂದರು. ಮಳೆಗಾಲದಲ್ಲಿ ನಮ್ಮ ಬಟ್ಟೆ ಒಣಗುವುದೂ ಅಲ್ಲೇ ಅಲ್ವಾ. ಆದರೆ ಚಾಕೊಲೇಟಿನ ಕೊಬ್ಬು ವಾಸನೆಯನ್ನು ಬೇಗ ಹೀರುತ್ತದೆ, ಹೊಗೆ ಹಿಡಿದ ಆನೆಯನ್ನು ಮಕ್ಕಳು ತಿನ್ನುವುದಿಲ್ಲ ಅಂತ ಹೇಳಿದೆ. ಅವರೇ ದಿಂಡನ್ನು ನಡುಮನೆಗೆ ತಂದಿಟ್ಟು ಫ್ಯಾನ್ ಹಾಕಿದರು.

ಸೊಂಡಿಲು ಮತ್ತು ಕಿವಿಯನ್ನು ಮೊದಲು ಫಾಂಡೆಂಟಿನಲ್ಲಿ ಮಾಡಿದ್ದೆ. ಅದು ಸಕ್ಕರೆ. ನಮ್ಮ ಗಾಳಿಯ ತೇವ ಹೀರಿಕೊಂಡು ಸಂಜೆಯ ಹೊತ್ತಿಗೆ ಸೊಂಡಿಲು ಜೋತುಬಿತ್ತು. ಈಗ 100 ಗ್ರಾಂ ಬಿಳಿ ಕಾಂಪೌಂಡ್ ಕರಗಿಸಿ, ಬೆಚ್ಚಗಿನ ಲಿಕ್ವಿಡ್ ಗ್ಲೂಕೋಸ್ ಸುಮಾರು 30 ಗ್ರಾಂ ಸೇರಿಸಿ, ಒಂದು ರಾತ್ರಿ ಸುತ್ತಿಡುತ್ತೇನೆ. ಬೆಳಗ್ಗೆ ನಾದಿದರೆ ಚಪಾತಿ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಅದರಲ್ಲಿ ಮಾಡಿದ ಸೊಂಡಿಲು ಜೋತುಬೀಳಲಿಲ್ಲ. ಹುಲಿಯ ದುಂಡು ಕಿವಿಗೆ ಚಾಕೊಲೇಟ್ ಚಿಪ್ಸ್ ಸಾಕು. ಬಣ್ಣಕ್ಕೆ ಅದ್ದುವ ಮೊದಲೇ ಅಂಟಿಸಿದರೆ ಕಿವಿಗೂ ತಲೆಗೂ ಒಂದೇ ಬಣ್ಣ ಬರುತ್ತದೆ. ಬೆಕ್ಕಿನ ಮೀಸೆಗೆ ಹುರಿದ ಶಾವಿಗೆ. ಒಂದೊಂದು ಕಡೆಗೆ ಮೂರರಂತೆ, ಚುಕ್ಕಿ ಚಾಕೊಲೇಟಿನಿಂದ ಅಂಟಿಸುವುದು. ಪೇಟೆಯಲ್ಲಿ ಸಿಗುವ ಯಾವ ಅಲಂಕಾರಕ್ಕಿಂತಲೂ ನನಗೆ ಇದೇ ಇಷ್ಟ.

ಮುಖ ಮಾತ್ರ ಬಗೆಹರಿದಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಮಗಳನ್ನು ಕರೆದುಕೊಂಡು ಸಕ್ರೆಬೈಲಿಗೆ ಹೋದೆ. ಶಿವಮೊಗ್ಗ ರಸ್ತೆಯಲ್ಲಿ, ತುಂಗೆಯ ಹಿನ್ನೀರಿನ ದಡದಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರ ಇದೆಯಲ್ಲ, ಅಲ್ಲಿಗೆ. ತಾಯಿಯ ಪಕ್ಕ ಒಂದು ಮರಿ ನಿಂತಿತ್ತು. ನಾನು ಅದರ ತಲೆಯನ್ನೇ ನೋಡುತ್ತಾ ನಿಂತೆ. ಉಬ್ಬಿದ ಹಣೆ. ನೆತ್ತಿಯ ಮೇಲೆ ನೆಟ್ಟಗೆ ನಿಂತ ಕೆಂಚು ಕೂದಲು. ಕಣ್ಣು ಹಣೆಯಿಂದ ಎಷ್ಟೋ ಕೆಳಗೆ, ಕೆನ್ನೆಯ ಹತ್ತಿರ. ನಾನು ಕಣ್ಣನ್ನು ಉಂಡೆಯ ಮೇಲಿನ ಅರ್ಧದಲ್ಲಿ ಇಟ್ಟಿದ್ದೆ. ಹಣೆಯೇ ಇರಲಿಲ್ಲ, ಕೆಳಗೆಲ್ಲ ಬರೀ ಗಲ್ಲ.

1943ರಲ್ಲಿ ಕೊನ್ರಾಡ್ ಲೊರೆಂಜ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಇದರ ಬಗ್ಗೆಯೇ ಬರೆದಿದ್ದಾರೆ. ದೊಡ್ಡ ತಲೆ, ಉಬ್ಬು ಹಣೆ, ಕೆಳಗಿರುವ ದೊಡ್ಡ ಕಣ್ಣು, ತುಂಬು ಕೆನ್ನೆ ಕಂಡರೆ ನಮಗೆ ಎತ್ತಿಕೊಳ್ಳಬೇಕು ಅನಿಸುತ್ತದೆ, ಅದು ಮನುಷ್ಯರ ಮಗುವಾದರೂ ಸರಿ, ಪ್ರಾಣಿಯ ಮರಿಯಾದರೂ ಸರಿ. ಕಾರ್ಟೂನ್ ಬರೆಯುವವರು ಬಳಸುವುದೂ ಇದನ್ನೇ. ನಿಜವಾದ ಆನೆಯ ಕಣ್ಣು ಮೈಗೆ ಹೋಲಿಸಿದರೆ ತೀರಾ ಸಣ್ಣದು. ಹಣೆಯನ್ನು ಮರಿಯಿಂದ ತಗೊಂಡು ಕಣ್ಣನ್ನು ಮಾತ್ರ ಹಿಗ್ಗಿಸಿದರೆ ಕಾರ್ಟೂನ್ ಆನೆ ಆಗುತ್ತದೆ.

ಮನೆಗೆ ಬಂದು ಒಂದು ಉಂಡೆಯ ನಡುವೆ ಟೂತ್‌ಪಿಕ್ಕಿನಿಂದ ತೆಳ್ಳಗೆ ಗೆರೆ ಎಳೆದೆ. ಕಣ್ಣು ಆ ಗೆರೆಗಿಂತ ಒಂದು ಕೂದಲೆಳೆ ಕೆಳಗೆ. ಎರಡರ ನಡುವೆ ಇನ್ನೂ ಎರಡು ಕಣ್ಣು ಹಿಡಿಸುವಷ್ಟು ಜಾಗ. ಮೊದಲು ತೊಗರಿಬೇಳೆಯಷ್ಟು ಬಿಳಿ ಚುಕ್ಕಿ ಇಟ್ಟು ಗಟ್ಟಿಯಾಗಲು ಬಿಟ್ಟೆ. ಅದರ ಮೇಲೆ ಸಾಸಿವೆಯಷ್ಟು ಡಾರ್ಕ್ ಕಾಂಪೌಂಡ್. ಕೊನೆಗೆ ಸೂಜಿ ಮೊನೆಯಲ್ಲಿ ಬಿಳಿಯ ಒಂದು ಹೊಳಪು. ಎರಡೂ ಕಣ್ಣಿನ ಹೊಳಪು ಒಂದೇ ಕಡೆ ಇರಬೇಕು. ಒಂದು ಎಡಕ್ಕೆ, ಒಂದು ಬಲಕ್ಕೆ ಆದರೆ ಮೆಳ್ಳೆಗಣ್ಣು ಆಗುತ್ತದೆ. ನೆತ್ತಿಯ ಮೇಲೆ ಶಾವಿಗೆಯ ಮೂರು ಚೂರು ನಿಲ್ಲಿಸಿದೆ.

ಮಗಳು ಏನೂ ಹೇಳಲಿಲ್ಲ. ದಿಂಡಿನಿಂದ ಕಡ್ಡಿ ಕಿತ್ತು, ಕೈಯಲ್ಲಿ ಹಿಡಿದುಕೊಂಡೇ ಮನೆಯಿಡೀ ಓಡಾಡಿದಳು. ತಿನ್ನು ಅಂದರೆ ತಿನ್ನಲಿಲ್ಲ.

ಹುಟ್ಟುಹಬ್ಬದ ದಿನ ಬೆಳಗ್ಗೆ ಹೊಸ ದಿಂಡು ಕಡಿದು, ಮೂರು ತುಂಡು ಮಾಡಿ, ಎತ್ತರದ ರಟ್ಟಿನ ಪೆಟ್ಟಿಗೆಯ ತಳಕ್ಕೆ ಅಲುಗದ ಹಾಗೆ ಕೂರಿಸಿದೆ. ಕೇಕ್ ಪಾಪ್‌ಗಳನ್ನು ಅದಕ್ಕೇ ಚುಚ್ಚಿ ಸಾಗರದ ಬಸ್ಸಿನಲ್ಲಿ ಕಳಿಸಿದೆ. ಕಂಡಕ್ಟರ್ ಪೆಟ್ಟಿಗೆಯನ್ನು ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡರು. ಆ ರಸ್ತೆಯ ತಿರುವುಗಳನ್ನು ನೆನೆಸಿಕೊಂಡು ಮಧ್ಯಾಹ್ನದವರೆಗೂ ನನಗೆ ಸಮಾಧಾನ ಇರಲಿಲ್ಲ. ಎರಡು ಗಂಟೆಗೆ ಫೋನ್ ಬಂತು. "ಅಕ್ಕಾ, ಒಂದು ಬೆಕ್ಕಿನ ಮೀಸೆ ಮುರಿದಿದೆ. ಆನೆಗಳೆಲ್ಲ ನಿಂತೇ ಇವೆ."